ಗಾಳಿ ತುಂಬಿದ ಮೂರಡಿ ಪೈಪು

ಕೋವಿಡ್ ಮುಗಿದು ಶಾಲೆಗಳು ಮತ್ತೆ ಸರಿಯಾಗಿ ಬಾಗಿಲು ತೆರೆದ ವರ್ಷ. ನಾನಾಗ ಕುಡಿಯುವ ನೀರು ಸರಬರಾಜು ಉಪವಿಭಾಗವೊಂದರಲ್ಲಿ ಸಹಾಯಕ ಕಾರ್ಯಪಾಲಕ ಇಂಜಿನಿಯರ್. ಕಚೇರಿ ಮಂಡ್ಯದಲ್ಲಿ, ತಿರುಗಾಟವೆಲ್ಲ ಮದ್ದೂರು ಮಳವಳ್ಳಿ ಕಡೆ. ನಿವೃತ್ತಿಗೆ ಒಂದೂವರೆ ವರ್ಷ ಬಾಕಿಯಿತ್ತು. ಆ ವಯಸ್ಸಿಗೆ ಸರ್ಕಾರಿ ಇಂಜಿನಿಯರ್ ಒಂದೋ ಸಿಕ್ಕಿದ್ದಕ್ಕೆಲ್ಲ ಸಹಿ ಹಾಕುತ್ತಾನೆ, ಇಲ್ಲವೇ ಯಾವುದಕ್ಕೂ ಹಾಕುವುದಿಲ್ಲ. ನಾನು ಬೈದು ಹಾಕುತ್ತಿದ್ದೆ. ನನ್ನ ಬಾಯಿ ಕೆಟ್ಟದ್ದು ಅಂತ ಇಲಾಖೆಯಲ್ಲಿ ಹೆಸರಾಗಿತ್ತು, ಆ ಹೆಸರು ಸುಳ್ಳೇನೂ ಆಗಿರಲಿಲ್ಲ.

ಸಂಕ್ರಾಂತಿ ಕಳೆದ ವಾರ ಒಂದು ದೂರು ಬಂತು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಿಂದ ಒಳಗಿರುವ ಒಂದು ಹಳ್ಳಿ, ಹೆಸರು ಬೇಡ. ಬರೆದವನು ಬೋರೇಗೌಡ ಅಂತ ಒಬ್ಬ ಜಮೀನುದಾರ. ದೂರು ಯಾರ ಮೇಲೆ ಅಂದರೆ ಸ್ವಂತ ತಮ್ಮನ ಹೆಂಡತಿಯ ಮೇಲೆ. ರಾಜೇಶ್ವರಿ ಎಂಬ ಈಕೆ ಬೀದಿ ನಲ್ಲಿಯ ಪೈಪಿಗೆ ಕಳ್ಳ ಮಿಷನ್ ಜೋಡಿಸಿಕೊಂಡಿದ್ದಾಳೆ, ಊರಿಗೆ ನೀರಿಲ್ಲ, ಮಿಷನ್ನಿನ ಹೊಡೆತಕ್ಕೆ ನನ್ನ ಮನೆ ಗೋಡೆ ಬಿರುಕು ಬಿಡುತ್ತಿದೆ, ಕೂಡಲೇ ಆಕೆಯ ಮೇಲೆ ಕ್ರಮ ಆಗಬೇಕು ಅಂತ ಬರೆದಿದ್ದ. ಮನೆಯೊಳಗಿನ ಜಗಳ ಬೀದಿಗೆ ಬರಲು ನಮ್ಮ ಕಡೆ ನೀರಿನ ಪೈಪಿಗಿಂತ ಸುಲಭದ ದಾರಿ ಇಲ್ಲ. ಜೀಪು ಹತ್ತಿದೆ.

ಮನೆ ಒಂದೇ, ಮಧ್ಯೆ ಗೋಡೆ ಎಬ್ಬಿಸಿ ಎರಡು ಮಾಡಿಕೊಂಡಿದ್ದರು. ಮುಂದಿನ ಅಂಗಳ ಇಬ್ಬರದೂ. ಹಿಂದೆ ದೊಡ್ಡ ಹಿತ್ತಲು, ಅರ್ಧ ಅಣ್ಣನದು, ಅರ್ಧ ತಮ್ಮನದು. ಎರಡರಲ್ಲೂ ಗೆಣಸು ಹಾಕಿದ್ದರು. ಹಿತ್ತಲಿನ ಆಚೆ ಕಬ್ಬಿನ ಗದ್ದೆ. ಕಬ್ಬಿನೊಳಗೆ ಕಾಡುಹಂದಿಗಳು ಸಂಸಾರ ಹೂಡಿಕೊಂಡು, ಕತ್ತಲಾದ ಮೇಲೆ ಗೆಣಸು ಅಗೆಯಲು ಬರುತ್ತಿದ್ದವು. ತಮ್ಮ ಮಂಡ್ಯದ ಬ್ಯಾಂಕೊಂದರಲ್ಲಿ ಗುಮಾಸ್ತ, ಬಾಯಿಲ್ಲದ ಮನುಷ್ಯ. ಹಿತ್ತಲು ನೋಡಿಕೊಳ್ಳುತ್ತಿದ್ದವರು ಅವನ ಹೆಂಡತಿ ರಾಜೇಶ್ವರಿ, ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ.

ಮಿಷನ್ ಎಲ್ಲಿದೆ ತೋರಿಸಿ ಅಂತ ಬೇಲಿಯ ಸಂದಿಗೆ ಕಾಲಿಟ್ಟೆ. ಸೊಂಟದ ಮಟ್ಟಕ್ಕೆ ಎಲ್ಲಿಂದಲೋ ಚಿಮ್ಮಿದ ನೀರು ನನ್ನ ಇಸ್ತ್ರಿ ಪ್ಯಾಂಟನ್ನು ತೋಯಿಸಿಬಿಟ್ಟಿತು. ನಾನು ಹಿಂದಕ್ಕೆ ಹಾರಿದೆ. ಗೆಣಸಿನ ಬಳ್ಳಿ ಸರಿಸುತ್ತಿದ್ದ ಒಬ್ಬಳು ಆಳು ಹೆಂಗಸು ಕುಕ್ಕರುಗಾಲಲ್ಲೇ ಕುಳಿತು ನಗಲು ಶುರುಮಾಡಿದಳು.

"ನಂಗೂ ದಿನಾ ಇದೇ ಪೂಜೆ ಸಾಮಿ. ಬೆಳಿಗ್ಗೆ ಬತ್ತಿದ್ದಂಗೆ ಮೈಗೆ ಉಗೀತದೆ. ಇದ್ರ ಮಕಕ್ಕೆ ಬೆಂಕಿ ಬೀಳ, ಅಂದಿ ಯಾವ್ದು ಮನುಸ್ರು ಯಾರು ಅಂತ್ಲೂ ಗೊತ್ತಾಗಕ್ಕಿಲ್ಲ ಇದ್ಕೆ."

ಅವಳು ಕೆಂಪಮ್ಮ. ಬೋರೇಗೌಡನ ಕೊಟ್ಟಿಗೆಗೆ ಅಂಟಿಕೊಂಡ ಒಂದು ಕೋಣೆಯಲ್ಲಿ ವಾಸ, ಎರಡೂ ಮನೆಗೆ ದುಡಿತ. ಗಂಡ ಸತ್ತು ಬಹಳ ವರ್ಷವಾಗಿತ್ತು, ಮಕ್ಕಳಿಲ್ಲ. ಬೆಳಕು ಹರಿಯುವ ಮುಂಚೆ ಆ ಸಂದಿಯಿಂದಲೇ ಹಿತ್ತಲಿಗೆ ನುಗ್ಗಿ ಸೊಪ್ಪು ಕಿತ್ತು, ಮೊದಲ ಬಸ್ಸಿಗೆ ಮಳವಳ್ಳಿಗೆ ಒಯ್ದು ಮಾರುತ್ತಿದ್ದಳು.

ಅವಳ ನಗು ಮುಗಿಯುವ ಮೊದಲೇ ನೀರು ನಿಂತಿತು. ನಿಂತ ಕ್ಷಣಕ್ಕೆ ಮನೆಯ ಗೋಡೆಯ ಕಡೆಯಿಂದ ಧಡ್ ಅಂತ ಒಂದು ಸದ್ದು. ಒನಕೆಯಿಂದ ಗುದ್ದಿದ ಹಾಗೆ. ನನಗೆ ಪ್ಯಾಂಟು ಮರೆತುಹೋಯಿತು. ಈ ಸದ್ದನ್ನು ಮೂವತ್ತು ವರ್ಷ ಕೇಳಿದ್ದೇನೆ, ದೊಡ್ಡ ಪೈಪುಗಳಲ್ಲಿ ಕೇಳಿ ಓಡಿಹೋದದ್ದೂ ಇದೆ. ಇದಕ್ಕೆ ವಾಟರ್ ಹ್ಯಾಮರ್ ಅನ್ನುತ್ತಾರೆ. ನೀರಿನ ಸುತ್ತಿಗೆ ಏಟು.

ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಓಡುವ ನೀರಿಗೆ ತೂಕವಿದೆ. ಮೇಡಂ ಮನೆಯ ಮೇಲಿನ ಟ್ಯಾಂಕಿನಿಂದ ಹಿತ್ತಲಿನವರೆಗೆ ಪೈಪಿನ ತುಂಬ ನೀರು ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಬರುತ್ತಿರುತ್ತದೆ. ಮುಂದಿನ ಬಾಗಿಲು ಥಟ್ಟನೆ ಮುಚ್ಚಿದರೆ ಹಿಂದಿನ ನೀರೆಲ್ಲ ಮುಂದಿನದರ ಮೇಲೆ ಬಂದು ಬೀಳುತ್ತದೆ. ಬಸ್ಸಿನ ಡ್ರೈವರ್ ಬ್ರೇಕ್ ಒತ್ತಿದಾಗ ನಿಂತವರೆಲ್ಲ ಬೀಳುವ ಹಾಗೆ. ಎರಡು ಮಹಡಿ ಮೇಲಿನ ಆ ಟ್ಯಾಂಕಿನಿಂದ ಕೆಳಗೆ ನಿಂತ ನೀರಿನ ಒತ್ತಡ ಒಂದು ಕೆಜಿ. ಏಟು ಬಿದ್ದಾಗ ಎಂಟೊಂಬತ್ತು ಕೆಜಿ. ಅಂಗಡಿಯವರು ನಾಲ್ಕು ಕೆಜಿ ಪೈಪು, ಆರು ಕೆಜಿ ಪೈಪು ಅನ್ನುವುದು ಅದರ ತೂಕವನ್ನಲ್ಲ, ಅದು ತಡೆಯುವ ಒತ್ತಡವನ್ನು. ಅಲ್ಲಿ ಹಾಕಿದ್ದದ್ದು ನಾಲ್ಕು ಕೆಜಿಯದು. ಆಗಲೇ ಎರಡು ಸಲ ಕೀಲು ಬಿಟ್ಟಿತ್ತಂತೆ.

ಮಿಷನ್ ಮಾಡಿದ್ದು ಮೇಡಮ್ಮೇ. ಹತ್ತಿರ ಬಂದರೆ ತಾನೇ ಹೊತ್ತಿಕೊಳ್ಳುವ ದೀಪಗಳಲ್ಲಿರುತ್ತದಲ್ಲ, ಆ ಸೆನ್ಸರ್. ಹನ್ನೆರಡು ವೋಲ್ಟಿನ ಒಂದು ಸ್ಕೂಟರ್ ಬ್ಯಾಟರಿ. ಡ್ರಿಪ್ ನೀರಾವರಿಯ ಅಂಗಡಿಯಿಂದ ತಂದ ಸೊಲೆನಾಯ್ಡ್ ವಾಲ್ವ್, ಅಂದರೆ ಕರೆಂಟು ಕೊಟ್ಟರೆ ತೆರೆದುಕೊಂಡು, ಕರೆಂಟು ನಿಲ್ಲಿಸಿದರೆ ಮುಚ್ಚಿಕೊಳ್ಳುವ ನಲ್ಲಿ. ತುದಿಗೆ ಒಂದು ಸ್ಪ್ರಿಂಕ್ಲರ್. ಯಾವುದಾದರೂ ಪ್ರಾಣಿ ಅಲುಗಾಡಿದರೆ ಐದು ಸೆಕೆಂಡು ನೀರು ಚಿಮ್ಮಿ ನಿಲ್ಲುತ್ತದೆ. ಹಂದಿ ಬೆಚ್ಚಿ ಓಡುತ್ತದೆ, ಸಾಯುವುದಿಲ್ಲ. ನೀರು ಅವರದೇ ಟ್ಯಾಂಕಿನದು, ಬೀದಿ ನಲ್ಲಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ದೂರು ಶುದ್ಧ ಸುಳ್ಳು. ಗೋಡೆಯ ಸದ್ದು ಮಾತ್ರ ನಿಜ. ಟ್ಯಾಂಕಿನಿಂದ ಇಳಿಯುವ ಪೈಪು ಬೋರೇಗೌಡ ಮಲಗುವ ಕೋಣೆಯ ಗೋಡೆಗುಂಟ ಹಾದು, ಅಂಗಳದ ಮಣ್ಣಿನಡಿ ನುಗ್ಗಿ, ಮನೆ ಬಳಸಿಕೊಂಡು ಹಿತ್ತಲಿಗೆ ಹೋಗಿತ್ತು. ಹಂದಿ ಬಂದಾಗಲೆಲ್ಲ ಗೌಡನ ತಲೆದಿಂಬಿನ ಪಕ್ಕ ಧಡ್ ಅನ್ನುತ್ತಿತ್ತು.

"ಸತ್ತೋರು ಗುದ್ದಂಗೆ ಗುದ್ತದೆ ಸಾರ್," ಅಂದ ಬೋರೇಗೌಡ. ಬಿಳಿ ಪಂಚೆ, ಗಟ್ಟಿ ಮೈ, ಗಟ್ಟಿ ಗಂಟಲು. "ಇವೆಲ್ಲ ಆಟ ಬ್ಯಾಡ ಕಣಮ್ಮ, ಕರೆಂಟ್ ತಂತಿ ಎಳುದ್ರೆ ಒಂದೇ ದಿನುಕ್ಕೆ ಅಂದಿ ಬಂಸ ನಿರ್ವಂಸ ಆಯ್ತದೆ ಅಂದೆ. ಕೇಳ್ಳಿಲ್ಲ. ಕರೆಂಟ್ ಆಪೀಸಿಗೆ ಬರೀತೀನಿ ಅಂತ ನಂಗೇ ಎದುರಿಸ್ತಾಳೆ."

ಪಂಪ್‌ಸೆಟ್ಟಿನ ಪೆಟ್ಟಿಗೆಯಿಂದ ನೇರವಾಗಿ ಒಂದು ಬರೀ ತಂತಿ ಎಳೆದು ಬೇಲಿಗೆ ಸುತ್ತುವುದು. ಕಾನೂನಿನಲ್ಲಿ ಅದು ಅಪರಾಧ. ಹಂದಿ ಸಾಯುತ್ತದೆ, ನಾಯಿ ಸಾಯುತ್ತದೆ, ಮೇಯಲು ಬಂದ ಹಸು ಸಾಯುತ್ತದೆ. ರಾಜೇಶ್ವರಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. "ಸಾರ್, ಕೆಂಪಮ್ಮ ದಿನಾ ಕತ್ತಲಲ್ಲಿ ಆ ಸಂದೀಲೇ ನುಗ್ಗೋದು. ತಂತಿ ಎಳೆದ್ರೆ ಹಂದಿಗಿಂತ ಮುಂಚೆ ಅವಳು ಹೋಗ್ತಾಳೆ. ಈ ಏಟು ಒಂದು ನಿಲ್ಲಿಸಿಕೊಡಿ. ಇನ್ನೊಂದ್ಸಲ ಪೈಪ್ ಒಡೆದ್ರೆ ಭಾವನ್ನ ಹಿಡಿಯೋಕೆ ನನ್ನ ಕೈಲಾಗಲ್ಲ."

ಅದು ನನ್ನ ಕೆಲಸವಲ್ಲ. ದೂರು ಸುಳ್ಳು ಅಂತ ಷರಾ ಬರೆದು ಬಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಮೂವತ್ತು ವರ್ಷ ಟೆಂಡರು, ಬಿಲ್ಲು, ಆಡಿಟ್ಟು ಅಂತ ಕೊಳೆತವನಿಗೆ ಎದುರಿಗೆ ಒಂದು ನಿಜವಾದ ಇಂಜಿನಿಯರಿಂಗ್ ಸಮಸ್ಯೆ ಸಿಕ್ಕಿತ್ತು. ಮುಂದಿನ ಭಾನುವಾರ ಸ್ವಂತ ಸ್ಕೂಟರಿನಲ್ಲಿ ಹೋದೆ.

ಸರಿಯಾದ ಮದ್ದು ದಪ್ಪ ಪೈಪು. ಪೈಪು ದಪ್ಪವಾದಷ್ಟೂ ನೀರಿನ ವೇಗ ಇಳಿಯುತ್ತದೆ, ವೇಗ ಇಳಿದರೆ ಏಟೂ ಇಳಿಯುತ್ತದೆ. ಅದಕ್ಕೆ ಅಂಗಳ ಅಗೆಯಬೇಕಿತ್ತು. ಅಂಗಳದಲ್ಲಿ ಅರ್ಧ ತನ್ನದು, ಒಂದು ಹಿಡಿ ಮಣ್ಣೂ ಅಲುಗಾಡಕೂಡದು ಅಂತ ಬೋರೇಗೌಡ ಅಡ್ಡ ನಿಂತ. ನಿಧಾನ ಮುಚ್ಚುವ ವಾಲ್ವ್ ಮಂಡ್ಯದ ಅಂಗಡಿಗಳಲ್ಲಿ ಸಿಗಲಿಲ್ಲ. ಉಳಿದದ್ದು ಏರ್ ಚೇಂಬರ್. ವಾಲ್ವಿಗೆ ಒಂದಡಿ ಹಿಂದೆ ಪೈಪಿಗೆ ಒಂದು ಟೀ, ಅಂದರೆ ಮೂರು ಬಾಯಿಯ ಕೀಲು ಹಾಕಿ, ಅದರ ಮೇಲೆ ಒಂದೂವರೆ ಇಂಚಿನ ಮೂರಡಿ ಪೈಪನ್ನು ನೆಟ್ಟಗೆ ನಿಲ್ಲಿಸಿ, ತಲೆಗೆ ತಿರುಪಿನ ಬಿರಡೆ ಬಿಗಿದೆ. ಒಳಗೆ ಬರೀ ಗಾಳಿ. ವಾಲ್ವ್ ಮುಚ್ಚಿದಾಗ ನುಗ್ಗಿ ಬಂದ ನೀರು ಗೋಡೆಗೆ ಗುದ್ದುವ ಬದಲು ಈ ಗಾಳಿಯನ್ನು ಅಮುಕಿ ಸುಮ್ಮನಾಗುತ್ತದೆ. ಗಾಳಿಯೇ ದಿಂಬು. ದಿನ ಕಳೆದಂತೆ ಆ ಗಾಳಿ ನೀರಿನಲ್ಲಿ ಕರಗಿಹೋಗುತ್ತದೆ. ತಿಂಗಳಿಗೊಮ್ಮೆ ಟ್ಯಾಂಕಿನ ಕಡೆಯ ಗೇಟ್ ವಾಲ್ವ್ ಮುಚ್ಚಿ, ಬಿರಡೆ ಬಿಚ್ಚಿ, ಚೇಂಬರಿನ ನೀರು ಇಳಿಸಿ, ಗಾಳಿ ತುಂಬಿಕೊಂಡ ಮೇಲೆ ಮತ್ತೆ ಬಿರಡೆ ಬಿಗಿಯಬೇಕು. ಅದನ್ನು ಮೇಡಮ್ಮಿಗೆ ಎರಡು ಸಲ ಮಾಡಿ ತೋರಿಸಿದೆ. ಬಿರಡೆಯ ಮರೆಗೆ, ಅಂದರೆ ತಿರುಪಿನ ಗೀರುಗಳಿಗೆ, ಸೋರದಿರಲಿ ಅಂತ ನಾನು ಸುತ್ತಿದ್ದು ಬಿಳಿ ಟೇಪು.

ಬೋರೇಗೌಡ ಹಿತ್ತಲ ಕಡೆಯ ಜಗಲಿಯಿಂದ ಎಲ್ಲ ನೋಡುತ್ತಿದ್ದ. ಆ ಸುತ್ತಿನಲ್ಲಿ ಯಾರ ಪಂಪು ಕೈಕೊಟ್ಟರೂ ಕರೆಯುತ್ತಿದ್ದದ್ದು ಅವನನ್ನೇ. ನಮ್ಮ ಕಡೆ ಪಂಪು ನೀರೆತ್ತದಿದ್ದರೆ ಮೊದಲ ಮಾತು 'ಏರ್ ಹಿಡಿದದೆ'. ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡರೆ ಪಂಪಿಗೆ ನೀರು ಎಳೆಯಲು ಆಗುವುದಿಲ್ಲ. ಗೌಡ ಹೋಗಿ ಯಾವುದೋ ಕೀಲು ಸಡಿಲಿಸಿ, ಬುಸ್ ಅಂತ ಗಾಳಿ ಬಿಟ್ಟು, ಕೊಡದಲ್ಲಿ ನೀರು ಹೊಯ್ದು ತುಂಬಿಸಿ, ಸೆಣಬು ಸುತ್ತಿ ಕೆಂಪು ಬಣ್ಣ ಬಳಿದು ಬಿಗಿದರೆ ಗದ್ದೆಗೆ ನೀರು. ಅದು ಅವನ ವಿದ್ಯೆ, ಮರ್ಯಾದೆ, ಮೀಸೆ ಎಲ್ಲ.

"ಈ ಕಂಬದೊಳಗೆ ಏನದೆ ಸಾರ್?" ಅಂತ ಕೇಳಿದ.

"ಗಾಳಿ."

ಜಗಲಿಯ ಮೇಲಿದ್ದವರೆಲ್ಲ ಅವನ ಜತೆ ನಕ್ಕರು. ಪಂಪಿನ ಎಳೆಯುವ ಪೈಪಿನಲ್ಲಿ ಗಾಳಿ ಶತ್ರು, ಮುಚ್ಚುವ ವಾಲ್ವಿನ ಪಕ್ಕ ಅದೇ ಗಾಳಿ ಮಿತ್ರ ಅಂತ ಅವನಿಗೂ ಬಿಡಿಸಿ ಹೇಳಿದೆ. ಇದರ ಬಿರಡೆಗೆ ಕೈ ಹಾಕಬೇಡಿ ಅಂದೆ. ತಲೆಯಾಡಿಸಿದ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದ. "ಆಯ್ತು ಬುಡಿ ಸಾರ್. ನಿಮ್ಮುಂದೇನೆ ಯೋಳ್ತೀನಿ. ಈ ಗಾಳಿ ಕಂಬ ಅಂದಿ ತಡುದ್ರೆ ಸರಿ. ಒಂದೇ ಒಂದ್ಸಲ ಗೆಣಸಿಗೆ ಮೂತಿ ಹಾಕ್ತವು ಅಂದ್ರೆ ಅವತ್ತೇ ತಂತಿ ಎಳೀತೀನಿ. ಯಾವನ್ ಬಂದು ತಡೀತಾನೋ ನೋಡ್ತೀನಿ."

ಕೆಂಪಮ್ಮನನ್ನು ಕರೆದು ಸಂದಿಯಲ್ಲಿ ಓಡಾಡು ಅಂದೆ. ನೀರು ಚಿಮ್ಮಿತು, ನಿಂತಿತು. ಗೋಡೆಯ ಕಡೆಯಿಂದ ಒಂದು ಸದ್ದಿಲ್ಲ. ಅವಳು ಸೆರಗು ಹಿಂಡಿಕೊಳ್ಳುತ್ತಾ ಮಿಷನ್ನಿಗೆ ಬೈದಳು. ಆ ಭಾನುವಾರ ನಾನು ಮಂಡ್ಯಕ್ಕೆ ಹಾಡು ಹೇಳಿಕೊಂಡು ಬಂದೆ.

ಶಿವರಾತ್ರಿ ಕಳೆಯಿತು, ಯುಗಾದಿ ಕಳೆಯಿತು. ಗೆಣಸು ದಪ್ಪವಾಗುತ್ತಿದೆ, ಹಂದಿ ಕಾಲಿಟ್ಟಿಲ್ಲ, ಸದ್ದೂ ಇಲ್ಲ ಅಂತ ಮೇಡಂ ಆಗಾಗ ಫೋನು ಮಾಡುತ್ತಿದ್ದರು. ಬೋರೇಗೌಡನ ಪಾಲಿನ ಗೆಣಸೂ ಅದೇ ಮಿಷನ್ನಿನಿಂದ ಉಳಿದಿತ್ತು. ಅದಕ್ಕೆ ಅವನು ಒಂದು ಒಳ್ಳೆ ಮಾತೂ ಆಡಿದ್ದಿಲ್ಲ. ಊರ ಜನ ಬಂದು ನೋಡಿಕೊಂಡು ಹೋಗುತ್ತಿದ್ದರಂತೆ. ಪಂಪು ರಿಪೇರಿಗೆ ಕರೆದಲ್ಲೆಲ್ಲ 'ಏನ್ ಗೌಡ್ರೇ, ನಿಮ್ ಮನೇಲಿ ಗಾಳೀನೇ ಕೆಲಸ ಮಾಡ್ತದಂತೆ' ಅಂತ ಅವನನ್ನು ರೇಗಿಸುತ್ತಿದ್ದರಂತೆ.

ಹತ್ತನೇ ತರಗತಿಯ ಉತ್ತರ ಪತ್ರಿಕೆ ತಿದ್ದಲು ಮೇಡಂ ಮಂಡ್ಯಕ್ಕೆ ಬಂದು ಅಲ್ಲೇ ನೆಂಟರ ಮನೆಯಲ್ಲಿ ಉಳಿದುಕೊಂಡಿದ್ದ ದಿನಗಳು. ಒಂದು ಬೆಳಿಗ್ಗೆ ನನಗೆ ಫೋನು ಬಂತು. ಮಾತಿಗಿಂತ ಮುಂಚೆ ಅಳು ಕೇಳಿಸಿತು.

"ಸಾರ್, ಕೆಂಪಮ್ಮನಿಗೆ ಕರೆಂಟು ಹೊಡೆದಿದೆ. ಕೈ ಸುಟ್ಟುಹೋಗಿದೆ. ನನ್ನ ಮಿಷನ್ನೇ ಹೊಡೀತು ಅಂತ ಭಾವ ಪೊಲೀಸರಿಗೆ ಹೇಳಿದಾರೆ."

ದೊಡ್ಡಾಸ್ಪತ್ರೆಯಲ್ಲಿ ಕೆಂಪಮ್ಮನ ಬಲಗೈಯನ್ನು ಮಣಿಕಟ್ಟಿನವರೆಗೆ ಕತ್ತರಿಸಿದರು. ಪೊಲೀಸರು ಬಂದು ಹೇಳಿಕೆ ತೆಗೆದುಕೊಂಡಾಗ ಅವಳೂ ಅದನ್ನೇ ಹೇಳಿದಳು: ಟೀಚರಮ್ಮನ ಮಿಸೀನು ಹೊಡೀತು. ಕೇಸು ನಿಂತರೆ ಮೇಡಮ್ಮಿನ ಕೆಲಸ ಹೋಗುತ್ತಿತ್ತು, ಜೈಲೂ ಆಗಬಹುದಿತ್ತು. ಹಿಂದೆ ದೂರಿನ ಮೇಲೆ ಆ ಮಿಷನ್ನನ್ನು ಅಧಿಕೃತವಾಗಿ ಪರಿಶೀಲಿಸಿದ ಸರ್ಕಾರಿ ಮನುಷ್ಯ ಅಂದರೆ ನಾನೊಬ್ಬನೇ. ಆ ದೂರು ಕೊಟ್ಟವನೇ ಬೋರೇಗೌಡ. ಸಬ್‌ಇನ್‌ಸ್ಪೆಕ್ಟರ್ ನನ್ನನ್ನು ಸ್ಥಳಕ್ಕೆ ಕರೆಸಿದರು.

ಹೋದಾಗ ಬೇಲಿಯಲ್ಲಿ ತಂತಿ ಇರಲಿಲ್ಲ. ಗೂಟಗಳನ್ನು ಕಿತ್ತ ಗುಳಿಗಳು ಮಾತ್ರ ಇದ್ದವು, ಅವಕ್ಕೂ ಹಸಿ ಮಣ್ಣು ತುಂಬಿದ್ದರು. ಗೆಣಸಿನ ಮಡಿ ಪೂರಾ ಉತ್ತು ಹಾಕಿದ ಹಾಗಿತ್ತು; ಹಂದಿಗಳು ಬಂದು ಉಂಡು ಹೋಗಿದ್ದವು. ರಾಜೇಶ್ವರಿ ಮೆಟ್ಟಿಲ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಗಂಡ, ಕೈಕಟ್ಟಿಕೊಂಡು, ಬೇರೆ ಯಾರದೋ ಮನೆಗೆ ಬಂದವನ ಹಾಗೆ ನಿಂತಿದ್ದ.

ಮೊದಲು ಬ್ಯಾಟರಿ. ಮಿಷನ್ನಿನ ಪಕ್ಕದಲ್ಲೇ ಬಿದ್ದಿತ್ತು. ಬಕೆಟ್ಟಿನ ನೀರಿನಲ್ಲಿ ಎರಡೂ ಕೈ ಅದ್ದಿ, ಎಲ್ಲರ ಎದುರು ಅದರ ಎರಡು ತುದಿಗಳನ್ನು ಹಿಡಿದುಕೊಂಡೆ. "ಹನ್ನೆರಡು ವೋಲ್ಟು. ಇದು ಇರುವೆಯನ್ನೂ ಕೊಲ್ಲಲ್ಲ," ಅಂದೆ. ಜಗಲಿಯ ಜನ ಗುಸುಗುಸು ಅಂದರು. ಬೋರೇಗೌಡ ಮಾತ್ರ ಅಲುಗಾಡಲಿಲ್ಲ. "ನೀರಿಗೂ ಕರೆಂಟಿಗೂ ಸೇರುದ್ರೆ ಏನಾಯ್ತದೆ ಅಂತ ಯಾರಿಗೆ ಗೊತ್ತು ಸಾರ್," ಅಂದ.

ಆಮೇಲೆ ಪೈಪು. ವಾಲ್ವಿನ ಹಿಂದಿನ ಕೀಲು ಉದ್ದಕ್ಕೆ ಸೀಳಿತ್ತು. ಸೀಳಿನ ಸುತ್ತ ಮಣ್ಣು ಒಣಗಿ ಹೆಪ್ಪುಗಟ್ಟಿತ್ತು. ಗೇಟ್ ವಾಲ್ವ್ ಬಿಗಿಯಾಗಿ ಮುಚ್ಚಿತ್ತು. ಚೇಂಬರಿನ ತಲೆ ನೋಡಿದೆ. ನನ್ನ ಬಿಳಿ ಟೇಪು ಇರಲಿಲ್ಲ. ಬಿರಡೆಯ ಮರೆಯಿಂದ ಸೆಣಬಿನ ನಾರು ಇಣುಕುತ್ತಿತ್ತು, ಮೇಲೆ ಕೆಂಪು ಬಣ್ಣ. ಬಿಚ್ಚಿ ಬೆರಳು ಇಳಿಬಿಟ್ಟೆ. ಕಂಠಮಟ್ಟ ನೀರು. ಬೆರಳು ಮುಚ್ಚಿದ ಸ್ಟ್ರಾದಲ್ಲಿ ನಿಲ್ಲುವ ಹಾಗೆ ನಿಂತಿದ್ದು, ಬಿರಡೆ ತೆಗೆದೊಡನೆ ಕೆಳಗಿನ ಸೀಳಿನಿಂದ ಇಳಿಯತೊಡಗಿತು.

ನನಗೆ ಎಲ್ಲ ಅರ್ಥವಾಯಿತು. ಆದರೆ ಅರ್ಥವಾದದ್ದನ್ನು ಕೋರ್ಟು ಒಪ್ಪುವುದಿಲ್ಲ. ಗೌಡನ ಮೀಸೆ ಗೊತ್ತಿತ್ತಲ್ಲ, ಅಲ್ಲಿಗೇ ಕೈ ಹಾಕಿದೆ.

"ಇದನ್ನು ಯಾರೋ ಕೆಲಸ ಬರದವರು ಮುಟ್ಟಿ ಹಾಳು ಮಾಡಿದಾರೆ ಇನ್‌ಸ್ಪೆಕ್ಟರೇ. ಮರೆ ಸುತ್ತಿರೋದು ನೋಡಿ, ದನ ಕಾಯೋನ ಕೆಲಸ."

"ದನ ಕಾಯೋನಾ?" ಬೋರೇಗೌಡ ಜಗಲಿಯಿಂದ ಇಳಿದೇ ಬಿಟ್ಟ. "ನಲವತ್ತು ವರ್ಸದಿಂದ ಮೋಟ್ರು ಕೆಲಸ ಮಾಡಿವ್ನಿ ಕಣ್ರೀ. ಸುತ್ತ ಊರಲ್ಲಿ ಕೇಳಿ. ನಾನೇ ಸುತ್ತಿದ್ದು. ಒಂದ್ ತೊಟ್ಟು ಸೋರಿದ್ರೆ ತೋರ್ಸಿ. ಪೈಪೊಳಗೆ ಏರ್ ಮಡಗಿ ಓಗೋ ಇಂಜಿನಿಯರ್ನ ನಿಮ್ಮನ್ನೇ ನೋಡಿದ್ದು. ತೆಗ್ದು ನೀರು ತುಂಬುಸ್ದೆ."

"ಯಾವತ್ತು?"

"ಮಂಗಳವಾರ."

"ತುಂಬಿಸಿದ ಮೇಲೆ ಪೈಪು ಒಡೀತು."

"ಅವತ್ತೇ ಒಡುದೋಯ್ತು. ನೀರೆಲ್ಲ ಪೋಲಾಯ್ತಿತ್ತು, ನಾನೇ ಗೇಟ್ ವಾಲ್ ಮುಚ್ಚಿ ಬ್ಯಾಟ್ರಿ ಕಿತ್ತು ಬಿಸಾಕ್ದೆ. ನಿಮ್ ಗಾಳಿ ಕಂಬುದ್ ಯೋಗ್ತಿ ಅಷ್ಟೇಯ."

"ಕೆಂಪಮ್ಮನಿಗೆ ಹೊಡೆದದ್ದು?"

"ಗುರುವಾರ ಬೆಳಿಗ್..."

ಅಲ್ಲಿಗೆ ಮಾತು ನಿಂತಿತು. ಮಂಗಳವಾರ ಬ್ಯಾಟರಿ ಕಿತ್ತು ಬಿಸಾಡಿದ ಮಿಷನ್ನು ಗುರುವಾರ ಯಾರ ಕೈ ಸುಡುತ್ತದೆ? ಗೂಟದ ಗುಳಿಗಳ ಮೇಲೆ ಸಬ್‌ಇನ್‌ಸ್ಪೆಕ್ಟರ್ ಬೂಟುಗಾಲಿಟ್ಟು ನಿಂತಿದ್ದರು. ಬೋರೇಗೌಡ ನನಗೇನೂ ನೆನಪಿಲ್ಲ, ವಾರ ತಪ್ಪಿ ಹೇಳಿದೆ, ಬ್ಯಾಟರಿ ಮುಟ್ಟೇ ಇಲ್ಲ ಅಂತ ಶುರುಮಾಡಿದ. ಆದದ್ದು ಇಷ್ಟೇ: ಅವನು ಗಾಳಿ ತೆಗೆದ, ಏಟು ಮರಳಿ ಬಂತು, ಪೈಪು ಸೀಳಿತು, ಬುಧವಾರ ಕತ್ತಲಾದ ಮೇಲೆ ಹಂದಿಗಳು ನುಗ್ಗಿದವು, ಹಿಂದೆ ಜಗಲಿಯಲ್ಲಿ ಹೇಳಿದ್ದ ಹಾಗೆ ಅವತ್ತೇ ರಾತ್ರಿ ತಂತಿ ಎಳೆದ. ಬೇಕೆಂದೇ ಮಿಷನ್ ಕೆಡಿಸಿದನೋ, ನಿಜಕ್ಕೂ ಸರಿಪಡಿಸುತ್ತಿದ್ದೇನೆ ಅಂದುಕೊಂಡನೋ, ನನಗೆ ಇವತ್ತಿಗೂ ತಿಳಿದಿಲ್ಲ.

"ಇದನ್ನೆಲ್ಲ ಬರೆದು ಕೊಡಿ ಸಾರ್. ಬಾಯಿಮಾತು ನಾಳೆ ಉಳಿಯಲ್ಲ," ಅಂದರು ಸಬ್‌ಇನ್‌ಸ್ಪೆಕ್ಟರ್.

ವರದಿ ಬರೆಯುವ ಮುಂಚೆ ಆಸ್ಪತ್ರೆಗೆ ಹೋದೆ. ಯಾಕೆ ಹೋದೆನೋ. ಕೆಂಪಮ್ಮ ವಾರ್ಡಿನ ಮೂಲೆಯ ಮಂಚದಲ್ಲಿದ್ದಳು. ಬ್ಯಾಂಡೇಜು ಸುತ್ತಿದ ಮೊಂಡುಗೈಯನ್ನು ಮಗುವನ್ನು ಮಲಗಿಸಿಕೊಂಡ ಹಾಗೆ ಎದೆಯ ಮೇಲಿಟ್ಟುಕೊಂಡಿದ್ದಳು. ನನ್ನನ್ನು ನೋಡಿ ಏಳಲು ಹೋದಳು.

"ಮಿಸೀನೇ ಒಡೀತು ಅಂತ ಯೋಳಿವ್ನಿ ಸಾಮಿ. ನೀವೂ ಅಂಗೇ ಬರ್ಕಬುಡಿ."

"ಅದು ಸುಳ್ಳು ಅಂತ ನಿನಗೂ ಗೊತ್ತು, ನನಗೂ ಗೊತ್ತು ಕೆಂಪಮ್ಮ."

"ಗೊತ್ತು. ಅವತ್ತೂ ಬಂದೆ, ನೀರು ಉಗೀಲಿಲ್ಲ. ನೆನ್ನೆಯಂಗೇ ಇವತ್ತೂ ಮಿಸೀನು ಮಲ್ಗದೆ, ಒಣ ಸೀರೇಲಿ ಓಯ್ತೀನಿ ಮಳವಳ್ಳಿಗೆ ಅಂತ ಕುಸಿ ಆಯ್ತು. ಬೇಲಿ ಇಡ್ಕಂಡೆ ಅಷ್ಟೇಯ." ಎಡಗೈಯಿಂದ ಸೆರಗು ಎಳೆದು ಬ್ಯಾಂಡೇಜು ಮುಚ್ಚಿದಳು. "ನಾನಿರಾದು ಗೌಡ್ರ ಕೊಟ್ಟಿಗೆ ರೂಮಲ್ಲಿ. ನೀನು ಇಂಗೇ ಯೋಳು, ಸಾಯಗಂಟ ಕೂಳು ಆಕ್ತೀನಿ, ರೂಮು ಬುಡ್ಸಕ್ಕಿಲ್ಲ ಅಂತವ್ರೆ. ಟೀಚರಮ್ಮಂಗೆ ಓದು ಅದೆ, ಗಂಡ ಅವ್ನೆ, ಲಾಯ್ರು ಇಡ್ತಾಳೆ, ಎಂಗೋ ಬಚಾವಾಯ್ತಾಳೆ. ನಂಗೆ ಇನ್ನೇನದೆ ಸಾಮಿ? ಎಡಗೈ ಅದೆ."

ಮನೆಗೆ ಬಂದು ವರದಿ ಬರೆದೆ. ಪೈಪು ಸೀಳಿದ ರೀತಿ, ಒಣಗಿದ ಮಣ್ಣು, ಚೇಂಬರಿನ ನೀರು, ಸೆಣಬು, ಬಣ್ಣ, ಬ್ಯಾಟರಿ, ಆತನೇ ಎಲ್ಲರೆದುರು ಆಡಿದ ಮಾತು. ಸದರಿ ಸಾಧನದಿಂದ ವಿದ್ಯುತ್ ಆಘಾತ ಆಗುವುದು ಸಾಧ್ಯವೇ ಇಲ್ಲ ಅಂತ ಕೊನೆಯ ಸಾಲು. ನನ್ನ ಇಡೀ ಸರ್ವೀಸಿನಲ್ಲಿ ಅಷ್ಟು ಅಚ್ಚುಕಟ್ಟಾದ ವರದಿ ಬರೆದಿರಲಿಲ್ಲ. ಇವತ್ತು ಬರೆ ಅಂದರೂ ಅದನ್ನೇ ಬರೆಯುತ್ತೇನೆ. ಸುಳ್ಳು ಬರೆದರೆ ಏನೂ ಮಾಡದ ಒಬ್ಬ ಹೆಣ್ಣುಮಗಳು ಜೈಲಿಗೆ ಹೋಗಬೇಕಿತ್ತು.

ವರದಿ ನಿಂತಿತು. ಪೊಲೀಸರು ಮತ್ತೆ ಆಸ್ಪತ್ರೆಗೆ ಹೋಗಿ, ಸುಳ್ಳು ಹೇಳಿಕೆ ಕೊಟ್ಟರೆ ನಿನ್ನ ಮೇಲೂ ಕೇಸಾಗುತ್ತದೆ ಅಂತ ಕೆಂಪಮ್ಮನನ್ನು ಗದರಿಸಿದರು. ಅವಳು ನಿಜ ಹೇಳಿದಳು. ಬೋರೇಗೌಡನನ್ನು ಹಿಡಿದರು, ಸ್ವಲ್ಪ ದಿನಕ್ಕೆ ಜಾಮೀನಿನ ಮೇಲೆ ಬಿಟ್ಟರು. ಊರಿಗೆ ಬಂದವನಿಗೆ ಅವನ ಕಡೆಯವರು ಹಾರ ಹಾಕಿ ಕರೆದುಕೊಂಡು ಹೋದರಂತೆ. ಅವನು ಮಾಡಿದ ಮೊದಲ ಕೆಲಸ ಕೊಟ್ಟಿಗೆಯ ಪಕ್ಕದ ಕೋಣೆಯಿಂದ ಕೆಂಪಮ್ಮನ ಪಾತ್ರೆ, ಚಾಪೆ, ಟ್ರಂಕು ತಂದು ಬೀದಿಗೆ ಹಾಕಿದ್ದು. ಅವಳಿನ್ನೂ ಆಸ್ಪತ್ರೆಯಲ್ಲಿದ್ದಳು. ಗೌಡನನ್ನು ಲಾಕಪ್ಪಿಗೆ ಕಳಿಸಿದವಳು ಅಂತ ಹೆಸರಾಯಿತು, ಒಂಟಿಗೈಯವಳು ಅಂತಲೂ ಹೆಸರಾಯಿತು. ಆ ಊರಿನಲ್ಲಿ ಅವಳನ್ನು ಕೂಲಿಗೆ ಕರೆಯುವವರು ಇರಲಿಲ್ಲ. ಪರಿಹಾರದ ಕಾಗದ ಮೇಜಿನಿಂದ ಮೇಜಿಗೆ ತಿರುಗುತ್ತಿದೆ ಅಂತ ಕೇಳಿದೆ. ಸರ್ಕಾರಿ ಮೇಜುಗಳ ಉದ್ದ ನನಗೆ ಗೊತ್ತು.

ರಾಜೇಶ್ವರಿ ವರ್ಗಾವಣೆ ಮಾಡಿಸಿಕೊಂಡು ಗಂಡನ ಜತೆ ಮಂಡ್ಯಕ್ಕೆ ಬಂದುಬಿಟ್ಟರು. ಹೊಸ ಬಡಾವಣೆಯಲ್ಲಿ ಮನೆ. ಗೃಹಪ್ರವೇಶಕ್ಕೆ ನನ್ನನ್ನೂ ಕರೆದಿದ್ದರು. ಕಾಂಪೌಂಡಿನ ಹೂಗಿಡಗಳಿಗೆ ಬೀದಿ ದನ ಬಾಯಿ ಹಾಕದ ಹಾಗೆ ಅದೇ ಮಿಷನ್ ನಿಲ್ಲಿಸಿದ್ದರು. ಈ ಸಲ ದಪ್ಪ ಪೈಪು, ಗಟ್ಟಿ ಕ್ಲಾಂಪು, ಪಕ್ಕದಲ್ಲಿ ಮೂರಡಿ ಚೇಂಬರ್. ಒಂದು ಚೂರು ಸದ್ದಿಲ್ಲ. "ನಿಮ್ಮಿಂದ ನಾನು ಉಳಿದೆ ಸಾರ್. ಸತ್ಯ ಗೆದ್ದೇ ಗೆಲ್ಲುತ್ತೆ," ಅಂದರು. ಕೆಂಪಮ್ಮ ಎಲ್ಲಿದ್ದಾಳೆ ಅಂತ ಕೇಳಿದೆ. ಎರಡು ಸಲ ಹೋಗಿ ಸೀರೆ, ಅಕ್ಕಿ ಕೊಟ್ಟು ಬಂದೆ, ಆಮೇಲೆ ಕೆಲಸದ ಗಡಿಬಿಡಿಯಲ್ಲಿ ಆಗಲಿಲ್ಲ ಅಂದರು. ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಬಹುದಿತ್ತಲ್ಲ ಅಂದೆ. ಮೇಡಂ ಹೋಳಿಗೆಯ ತಟ್ಟೆ ನನ್ನ ಕಡೆ ಸರಿಸಿ, ತುಪ್ಪ ತರುತ್ತೇನೆ ಅಂತ ಒಳಗೆ ಹೋದರು.

ನಿವೃತ್ತಿಯಾದ ಮೇಲೆ ಒಂದು ದಿನ ಮಳವಳ್ಳಿಗೆ ಹೋಗಿದ್ದೆ. ಬಸ್ ನಿಲ್ದಾಣದ ಹೊರಗೆ ಗೋಣಿ ಹಾಸಿಕೊಂಡು ಒಬ್ಬಳು ಸೊಪ್ಪು ಮಾರುತ್ತಿದ್ದಳು. ಎಡಗೈಯಲ್ಲಿ ಕಂತೆ ಒತ್ತಿಹಿಡಿದು, ಬಾಳೆನಾರಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಗಂಟು ಹಾಕುತ್ತಿದ್ದಳು. ಬಾಯಿಯ ಒಂದು ಮೂಲೆ ನಾರು ಕೊಯ್ದು ಹುಣ್ಣಾಗಿತ್ತು. ನಾನು ಮುಂದೆ ಹೋಗಿಬಿಡುವವನಿದ್ದೆ. ಅವಳೇ ಕರೆದಳು.

"ಇಂಜಿನೇರ್ ಸಾಮಿ, ಸೊಪ್ಪು ಬ್ಯಾಡ್ವಾ?"

ಎದುರಿಗೆ ಕುಳಿತೆ. ಹೇಗಿದ್ದೀಯಾ ಅಂತ ಕೇಳುವ ಧೈರ್ಯ ಬರಲಿಲ್ಲ. ಎರಡು ಕಂತೆ ದಂಟು ಕೊಡು ಅಂದೆ.

"ನನ್ ಮ್ಯಾಲೆ ಕ್ವಾಪ ಇಲ್ಲ ತಾನೆ, ಸುಳ್ಳು ಯೋಳುದ್ಲು ಅಂತ?" ಅಂತ ಅವಳು ಕೇಳಿದಳು. ನನ್ನನ್ನು! ಇಲ್ಲ ಅಂತ ತಲೆಯಾಡಿಸಿದೆ. "ನೀವು ನಿಜ ಬರುದ್ರಿ, ನಿಮ್ ಕೆಲ್ಸ ನೀವು ಮಾಡುದ್ರಿ. ಟೀಚರಮ್ಮ ಮಂಡ್ಯಕ್ಕೋದ್ಲು. ಗೌಡ್ರು ಊರಲ್ಲವ್ರೆ. ನಾನು ಇಲ್ಲಿವ್ನಿ." ಕಂತೆಯನ್ನು ನನ್ನ ಚೀಲಕ್ಕೆ ಹಾಕಿ ಕೇಳಿದಳು. "ಆ ಮಿಸೀನು ಅದಾ ಇನ್ನೂ?"

"ಇದೆ. ಮಂಡ್ಯದಲ್ಲಿ."

"ಚೆಂದಾಗಿ ಮಡಿಕಳಿ ಅನ್ನಿ. ಆ ಮನೇಲಿ ನನ್ನ ನೋಯಿಸ್ದೆ ಓಡುಸ್ತಿದ್ದುದ್ದು ಅದೊಂದೇ ಸಾಮಿ."

ಮಂಡ್ಯದ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಬಂದೆ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಯಾರು ಮಾಡಿದರು, ಯಾರು ಉಂಡರು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವ ಗಾದೆಯೇ ನಮ್ಮ ಸೀಮೆಗೆ ಸರಿ. ಕಿರಿಯ ಇಂಜಿನಿಯರುಗಳಿಗೆ ತರಬೇತಿ ಕೊಡುವಾಗ ಒಂದು ಮಾತು ಹೇಳುತ್ತಿದ್ದೆ: ನೀರಿನ ಏಟು ವಾಲ್ವ್ ಮುಚ್ಚಿದ ಕೈಗೆ ತಗಲುವುದಿಲ್ಲ, ಲೈನಿನಲ್ಲಿ ಎಲ್ಲಿ ಕೀಲು ಸಡಿಲವೋ ಅಲ್ಲಿಗೆ ಹೋಗಿ ಬೀಳುತ್ತದೆ, ಆದ್ದರಿಂದ ವಾಲ್ವ್ ಮುಟ್ಟುವ ಮುಂಚೆ ಲೈನು ಪೂರಾ ನಡೆದು ನೋಡಿ. ಪೈಪಿನ ವಿಷಯದಲ್ಲಿ ನಾನು ಅದನ್ನು ಒಂದು ದಿನವೂ ತಪ್ಪಿಸಿದವನಲ್ಲ. ಆ ವರದಿಗೆ ಸಹಿ ಹಾಕಿದ ದಿನ ಲೈನಿನ ಕೊನೆಯಲ್ಲಿ ಆಸ್ಪತ್ರೆಯ ಮಂಚದ ಮೇಲೆ ಯಾರು ಮಲಗಿದ್ದಾರೆ ಅಂತ ನನಗೆ ಗೊತ್ತಿತ್ತು, ಆದರೂ ಸಹಿ ಹಾಕಲೇಬೇಕಿತ್ತು. ಮನೆಗೆ ಬಂದು ದಂಟಿನ ಕಂತೆ ಬಿಚ್ಚಲು ಕುಳಿತೆ. ಅವಳು ಹಲ್ಲಿನಿಂದ ಬಿಗಿದ ಗಂಟು ನನ್ನ ಎರಡು ಕೈಗೂ ಬಗ್ಗಲಿಲ್ಲ. ಹೆಂಡತಿ ಕುಡುಗೋಲು ತಂದು ಕೊಯ್ದಳು.